ಹಾಲಿನ ದರದ ಗಲಾಟೆ ಸರಿ, ಹುಲ್ಲಿನ ಮಾತೆಲ್ಲಿ?

ಹಾಲಿನ ದರ ಏರಿದ ದಿನ ಮಂಡ್ಯದ ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಆಗುವಷ್ಟು ಭಾಷಣ ವಿಧಾನಸೌಧದಲ್ಲೂ ಆಗಲಿಕ್ಕಿಲ್ಲ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಟೀ ಕುಡಿಯುವವರದು ಒಂದೇ ಮಾತು: ಹಿಂಗಾದ್ರೆ ಜನ ಬದುಕೋದು ಹೆಂಗೆ? ಹಾಲು ಕರೆಯುವವರದೂ ಒಂದೇ ಮಾತು: ನಮ್ ಕೈಗೆ ಬರೋದಾದ್ರೂ ಎಷ್ಟು? ಎರಡರಲ್ಲೂ ನ್ಯಾಯ ಇದೆ. ಆದರೆ ಆ ಹಾಲು ಕೊಟ್ಟ ಮೂಕಪ್ರಾಣಿ ಏನು ತಿಂದಿತು, ಎಷ್ಟು ತಿಂದಿತು, ತಿಂದದ್ದು ಅದರ ಹೊಟ್ಟೆಗೆ ಒಗ್ಗುವಂಥದ್ದೇ ಎಂದು ಕೇಳಿದವರು ಎಷ್ಟು ಮಂದಿ?

ಸರಕಾರದ ಲೆಕ್ಕವೂ ಹಾಲಿನ ಲೆಕ್ಕವೇ. 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಬಂತು. 2013ರಲ್ಲಿ ಅದು 4 ಆಯಿತು, 2016ರಲ್ಲಿ 5 ಆಯಿತು. ಒಳ್ಳೆಯದೇ. ಈ ದುಡ್ಡು ರೈತನ ಖಾತೆಗೆ ಹೊತ್ತಿಗೆ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಕೆಚ್ಚಲಿನಿಂದ ಈಚೆಗೆ ಬಂದ ಹಾಲಿಗೆ ಇಷ್ಟೆಲ್ಲ ಮರ್ಯಾದೆ. ಬಾಯಿಂದ ಒಳಕ್ಕೆ ಹೋಗುವ ಹುಲ್ಲಿಗೆ? ಬರ ಬಿದ್ದಾಗ ಮಾತ್ರ ಅದರ ನೆನಪು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸಾರಿದಾಗ ಎಲ್ಲರ ಬಾಯಲ್ಲೂ ಮೇವೇ ಮೇವು. ಮೇವು ಬ್ಯಾಂಕಂತೆ, ಮೇವಿನ ಬೀಜದ ಕಿಟ್ಟಂತೆ. ಮಳೆ ಬಿತ್ತು, ಕಡತ ಕಟ್ಟಿಟ್ಟರು.

ಬರದ ಊರಿನಲ್ಲಿ ಮೇವಿಲ್ಲ ಎಂದರೆ ಅರ್ಥವಾಗುತ್ತದೆ. ನಾಗಮಂಗಲದ ಕಡೆಯವರು ಆ ಕಷ್ಟ ಕಂಡವರೇ. ಆದರೆ ಕನ್ನಂಬಾಡಿಯ ನೀರು ಹರಿಯುವ, ವಿ.ಸಿ. ನಾಲೆಯ ಬಯಲಿನಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಭತ್ತ ಬೆಳೆಯುವ ಊರುಗಳಲ್ಲಿ ಹಸುವಿಗೆ ಹುಲ್ಲಿಲ್ಲ ಎಂದರೆ ಯಾರು ನಂಬಬೇಕು? ಆದರೂ ಮಾತು ನಿಜ. ಬೆಳಗಿನ ಬಸ್ಸಿನಲ್ಲಿ ಮದ್ದೂರು, ಮಳವಳ್ಳಿ ಕಡೆಯಿಂದ ಬರುವವರು ಸುಗ್ಗಿ ಮುಗಿದ ಹೊತ್ತಿನಲ್ಲಿ ಕಿಟಕಿಯಿಂದಾಚೆ ನೋಡಿದರೆ ಸಾಕು. ಒಂದು ಗದ್ದೆಯಲ್ಲಿ ಹೊಗೆ ಏಳುತ್ತಿರುತ್ತದೆ. ಅದರ ಪಕ್ಕದ ರಸ್ತೆಯಲ್ಲೇ ಇನ್ಯಾರೋ ಹೊರಗಿನಿಂದ ಕೊಂಡ ಹುಲ್ಲನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತಿರುತ್ತಾರೆ.

ಇದಕ್ಕೆ ಕಾರಣ ಗುಟ್ಟೇನಲ್ಲ. ಹಿಂದೆ ಕುಡುಗೋಲು ಹಿಡಿದು ಬುಡಮಟ್ಟ ಕೊಯ್ಯುತ್ತಿದ್ದರು, ಕಣದಲ್ಲಿ ಬಡಿದು ಒಕ್ಕುತ್ತಿದ್ದರು, ಹುಲ್ಲು ಕಂತೆಯಾಗಿ ಮನೆ ಹಿತ್ತಲಿಗೆ ಬರುತ್ತಿತ್ತು. ಸಂಬಂಧ ಬೆಳೆಸಲು ಬಂದ ಬೀಗರು ಕಾಫಿ ಕುಡಿಯುತ್ತಲೇ ಹಿತ್ತಲಿನ ಮೆದೆಯತ್ತ ಒಂದು ಕಣ್ಣು ಹಾಯಿಸುತ್ತಿದ್ದರು. ಮೆದೆಯ ಎತ್ತರ ಮನೆತನದ ಎತ್ತರ. ಈಗ ಯಂತ್ರ ಬಂದಿದೆ. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಸುತ್ತದೆ. ಭತ್ತ ಚೀಲಕ್ಕೆ ಬೀಳುತ್ತದೆ, ಹುಲ್ಲು ಗದ್ದೆಯಲ್ಲೇ ಚೆಲ್ಲಾಪಿಲ್ಲಿ. ಬುಡದ ಕೂಳೆ ಮೊಳಕಾಲುದ್ದ ನಿಂತಿರುತ್ತದೆ. ಮಿಕ್ಕ ಹುಲ್ಲು ಯಂತ್ರದ ಚಕ್ರಕ್ಕೆ ಸಿಕ್ಕಿ, ಕೆಸರಲ್ಲಿ ನೆಂದು, ಎರಡು ದಿನ ಇಬ್ಬನಿ ಬಿದ್ದರೆ ಬೂಷ್ಟು. ಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಮುಂದಿನ ಬೆಳೆಗೆ ಗದ್ದೆ ಖಾಲಿಯಾಗಬೇಕಲ್ಲ, ಬೆಂಕಿಕಡ್ಡಿ ಗೀರುತ್ತಾರೆ.

ಇದಕ್ಕಾಗಿ ರೈತನನ್ನು ಬೈದು ಫಲವಿಲ್ಲ. "ಏನ್ ಮಾಡದು ಕಣಣ್ಣ, ಕುಯ್ಯಾಕೆ ಆಳು ಸಿಕ್ಕಾಕಿಲ್ಲ. ಸಿಕ್ಕುದ್ರೂ ಕೂಲಿ ಕೊಟ್ಟು ಪೂರೈಸಾಕಾಯ್ತದಾ?" ಎಂಬುದು ಊರೂರಿನ ಮಾತು. ಅದು ಸುಳ್ಳಲ್ಲ. ಯಂತ್ರ ಬೇಡ ಎನ್ನುವವರು ಒಂದು ದಿನ ಗದ್ದೆಗಿಳಿದು ಬೆನ್ನು ಬಗ್ಗಿಸಿ ನೋಡಲಿ. ಆದರೆ ಲೆಕ್ಕವನ್ನಂತೂ ಹಾಕಲೇಬೇಕು. ಒಂದು ಕ್ವಿಂಟಾಲು ಭತ್ತ ಬೆಳೆದ ಗದ್ದೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ಹುಲ್ಲೂ ಬೆಳೆದಿರುತ್ತದೆ. ನೀರು, ಗೊಬ್ಬರ, ಬೆವರು ಎರಡಕ್ಕೂ ಒಂದೇ. ಬೆಳೆದದ್ದರ ಅರ್ಧಕ್ಕೆ ಬೆಂಕಿ ಇಟ್ಟು, ಆ ಅರ್ಧವನ್ನೇ ಮತ್ತೆ ದುಡ್ಡು ಕೊಟ್ಟು ತರುವ ವ್ಯಾಪಾರವನ್ನು ಪೇಟೆ ಬೀದಿಯ ಯಾವ ಅಂಗಡಿಯವರಾದರೂ ಮಾಡುತ್ತಾರೆಯೇ?

ಹುಲ್ಲಿಲ್ಲದಿದ್ದರೇನು, ಫೀಡು ಇಲ್ಲವೇ, ಬೂಸಾ ಇಲ್ಲವೇ, ಹಿಂಡಿ ಇಲ್ಲವೇ ಎಂದು ಕೇಳುವವರುಂಟು. ತಪ್ಪು ಇರುವುದೇ ಇಲ್ಲಿ. ಹಸುವಿನ ಹೊಟ್ಟೆ ಮನುಷ್ಯನ ಹೊಟ್ಟೆಯಲ್ಲ, ಕೋಳಿಯ ಹೊಟ್ಟೆಯೂ ಅಲ್ಲ. ಅದರಲ್ಲಿ ನಾಲ್ಕು ಕೋಣೆ. ಮೊದಲನೆಯದೇ ದೊಡ್ಡದು, ಬೆಳೆದ ಹಸುವಿನಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುವ ಚೀಲ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಾಣುಗಳ ಸಂಸಾರ. ಹುಲ್ಲಿನ ನಾರನ್ನು ಒಡೆದು ಅರಗಿಸುವುದು ಹಸುವಲ್ಲ, ಆ ಜೀವಾಣುಗಳು. ಹಸು ಅವಕ್ಕೆ ಹುಲ್ಲು ಒದಗಿಸುತ್ತದೆ, ಅವು ಹಸುವಿಗೆ ಶಕ್ತಿ ಒದಗಿಸುತ್ತವೆ. ಕೊನೆಗೆ ಆ ಜೀವಾಣುಗಳೇ ಮುಂದಿನ ಕೋಣೆಗೆ ಸಾಗಿ ಅರಗಿ ಹಸುವಿಗೆ ಪ್ರೋಟೀನು ಆಗುತ್ತವೆ. ಹೀಗಾಗಿ ದನಕ್ಕೆ ಮೇವು ಹಾಕುವುದೆಂದರೆ ಮೊದಲು ಈ ಜೀವಾಣುಗಳ ಯೋಗಕ್ಷೇಮ ನೋಡಿಕೊಳ್ಳುವುದು ಎಂದೇ ಅರ್ಥ. ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಇದೇ ಕಟ್ಟಳೆ.

ಆ ಸಂಸಾರ ನೆಟ್ಟಗಿರಬೇಕಾದರೆ ಮೆಲುಕು ಆಡಬೇಕು. ಹುಲ್ಲು ತಿಂದ ಹಸು ದಿನಕ್ಕೆ ಆರೆಂಟು ಗಂಟೆ ಮೆಲುಕು ಹಾಕುತ್ತದೆ. ಸುಮ್ಮನೆ ಹೊತ್ತು ಕಳೆಯಲಿಕ್ಕಲ್ಲ. ಅಗಿದಷ್ಟೂ ಜೊಲ್ಲು ಸುರಿಯುತ್ತದೆ, ದಿನಕ್ಕೆ ನೂರು ಲೀಟರಿನ ಆಸುಪಾಸು. ಆ ಜೊಲ್ಲಿನಲ್ಲಿ ಸೋಡಾದಂಥ ಅಂಶವಿದೆ. ಹೊಟ್ಟೆಯೊಳಗೆ ಹುಟ್ಟುವ ಹುಳಿಯನ್ನು ಅದು ಕಾಲಕಾಲಕ್ಕೆ ಮುರಿಯುತ್ತಿರುತ್ತದೆ. ನಾರಿನ ಮೇವು ಕಡಿಮೆಯಾದರೆ ಮೆಲುಕು ಕಡಿಮೆ, ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ, ಜೊಲ್ಲು ಕಡಿಮೆಯಾದರೆ ಹೊಟ್ಟೆ ಹುಳಿ. ಹಟ್ಟಿಯ ಮುದುಕಿಯರು "ಅಸ ಮೆಲುಕಾಕ್ತಿಲ್ಲ ಕಣ್ಲಾ, ಡಾಕ್ಟ್ರುನ ಕರಿ" ಎನ್ನುತ್ತಿದ್ದುದು ಸುಮ್ಮನಲ್ಲ.

ಅಂದಾಜಿನ ಲೆಕ್ಕ ಹೀಗೆ. 400 ಕೆಜಿ ತೂಕದ ಹಸುವಿಗೆ ನೀರಿನಂಶ ಕಳೆದು ದಿನಕ್ಕೆ 10ರಿಂದ 12 ಕೆಜಿ ಆಹಾರ ಬೇಕು. ಅದರಲ್ಲಿ ಮೂರರಲ್ಲಿ ಎರಡು ಪಾಲು ಮೇವೇ ಆಗಿದ್ದರೆ ಒಳ್ಳೆಯದು. ಅಂದರೆ 4-5 ಕೆಜಿ ಒಣಹುಲ್ಲು, 15-20 ಕೆಜಿ ಹಸಿಮೇವು. ಫೀಡು ಅದರ ಮೇಲೆ: ಮೈ ಕಾಪಾಡಿಕೊಳ್ಳುವ ಬಾಬ್ತು ಒಂದೂವರೆ ಕೆಜಿ, ಕರೆಯುವ ಪ್ರತಿ ಎರಡೂವರೆ ಲೀಟರು ಹಾಲಿಗೆ 1 ಕೆಜಿ. ಎಮ್ಮೆಯಾದರೆ ಎರಡು ಲೀಟರಿಗೇ 1 ಕೆಜಿ, ಅದರ ಹಾಲು ಗಟ್ಟಿಯಲ್ಲವೇ. ಹತ್ತು ಲೀಟರು ಕರೆಯುವ ಹಸುವಿಗೆ ಹೀಗೆ ಐದೂವರೆ ಕೆಜಿ ಫೀಡು ಸಾಕು. ಕುಡಿಯುವ ನೀರಂತೂ ಲೀಟರು ಹಾಲಿಗೆ ನಾಲ್ಕೈದು ಲೀಟರು ಬೇಕು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹೊತ್ತಿಗೊಂದು ಬಕೆಟ್ಟು ಇಟ್ಟು ಕೈ ತೊಳೆದುಕೊಂಡರೆ ಆಗುವುದಿಲ್ಲ.

ಹುಲ್ಲಿಲ್ಲದ ಮನೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಮೇವು ಅರ್ಧವಾಗುತ್ತದೆ, ಫೀಡು ಎಂಟು ಕೆಜಿಗೆ ಏರುತ್ತದೆ. ಮೊದಮೊದಲು ಹಾಲೂ ಏರುತ್ತದೆ, ಮನೆಯವರು ಹಿಗ್ಗುತ್ತಾರೆ. ಆಮೇಲೆ ಡೇರಿಯ ಮಷೀನು ಬಾಯಿ ಬಿಡುತ್ತದೆ: ಫ್ಯಾಟು ಇಳಿದಿದೆ! ಹಾಲಿನ ಕೊಬ್ಬು ಬಹುಪಾಲು ಹುಟ್ಟುವುದು ನಾರು ಒಡೆದಾಗ ಬರುವ ಆಮ್ಲದಿಂದ. ನಾರೇ ಇಲ್ಲದಿದ್ದರೆ ಕೊಬ್ಬೆಲ್ಲಿಂದ ಬರಬೇಕು? ಫ್ಯಾಟು, ಡಿಗ್ರಿ ನೋಡಿ ದುಡ್ಡು ಕೊಡುವ ಪದ್ಧತಿಯಲ್ಲಿ ಫೀಡಿನ ಮೂಟೆಗೆ ಸುರಿದದ್ದೂ ಹೋಯಿತು, ಹಾಲಿನ ರೇಟೂ ಹೋಯಿತು. ಡೇರಿಯವರು ಮೋಸ ಮಾಡಿದರು ಎಂದು ಜಗಳವಾಡುವವರು ಒಮ್ಮೆ ಗೊಂತಿನಲ್ಲಿ ಏನಿದೆ ಎಂದು ನೋಡಿಕೊಂಡು ಬಂದರೆ ಅರ್ಧ ಜಗಳ ಅಲ್ಲೇ ಮುಗಿದೀತು.

ಬಟವಾಡೆಯ ದುಡ್ಡು ಕಡಿಮೆಯಾದರೆ ಅದು ಹಟ್ಟಿಯ ಬಾಗಿಲಲ್ಲೇ ನಿಲ್ಲುವುದಿಲ್ಲ. ಹೋಬಳಿ ಊರುಗಳ ದಿನಸಿ ಅಂಗಡಿಯ ಸಾಲದ ಪುಸ್ತಕ ತೀರುವುದು ಯಾವ ದುಡ್ಡಿನಲ್ಲಿ? ಕಬ್ಬಿನ ಹಣ ಕಾರ್ಖಾನೆಯಿಂದ ಬಂದಾಗ ಬಂತು. ಮನೆಯ ಹೆಣ್ಣುಮಗಳ ಕೈಗೆ ತಪ್ಪದೆ ಬರುವುದು ಹಾಲಿನ ದುಡ್ಡೊಂದೇ. ಮಕ್ಕಳ ಬಸ್ಸಿನ ಪಾಸು, ಸ್ಕೂಲಿನ ಫೀಸು, ಔಷಧಿಯ ಚೀಟಿ ಎಲ್ಲವೂ ಅದರ ಮೇಲೆ. ಹಾಗಾಗಿ ಹುಲ್ಲಿನ ಚಿಂತೆ ಹಳ್ಳಿಯವರಿಗೆ ಬಿಟ್ಟದ್ದು ಎಂದು ಪೇಟೆಯವರು ಕೈ ಕಟ್ಟಿ ಕೂರುವಂತಿಲ್ಲ.

ಪೇಟೆಯವರ ಬಾಬ್ತು ಇನ್ನೂ ಒಂದಿದೆ, ಅದು ಅನ್ನದ್ದು. ಛತ್ರಗಳಲ್ಲಿ ಮದುವೆ ಮುಗಿದ ಮಧ್ಯಾಹ್ನ, ಬೀಗರ ಊಟ ಮುಗಿದ ಸಂಜೆ, ಹಂಡೆಯಲ್ಲಿ ಮಿಕ್ಕ ಅನ್ನವನ್ನು ಹಿಂದಿನ ಗೇಟಿನ ಬಳಿ ಸುರಿಯುತ್ತಾರೆ. "ದನ ತಿನ್ಲಿ ಬಿಡಿ, ಪುಣ್ಯ ಬರ್ತದೆ." ಕೆಲವರು ಮುತುವರ್ಜಿಯಿಂದ ಬಕೆಟ್ಟಿನಲ್ಲಿ ತುಂಬಿ ಹಟ್ಟಿಗೇ ಕಳಿಸುತ್ತಾರೆ. ಹಸುವಿಗೂ ಅದು ರುಚಿ, ತಿನ್ನುತ್ತಲೇ ಹೋಗುತ್ತದೆ. ಆಮೇಲೆ ನಡೆಯುವುದು ಮಾತ್ರ ಘೋರ. ಬೆಂದ ಅನ್ನದ ಪಿಷ್ಟ ಆ ದೊಡ್ಡ ಚೀಲದಲ್ಲಿ ಗಂಟೆಗಳಲ್ಲೇ ಹುಳಿಯುತ್ತದೆ. ಹುಳಿ ಏರಿದಂತೆ ನಾರು ಅರಗಿಸುವ ಜೀವಾಣುಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ನೀರಿನಂಥ ಸಗಣಿ, ನಡಿಗೆಯಲ್ಲಿ ತೂರಾಟ. ಮಲಗಿದರೆ ಏಳುವುದಿಲ್ಲ. ಒಂದೆರಡು ದಿನದಲ್ಲೇ ಪ್ರಾಣ ಹೋದೀತು. ಪುಣ್ಯಕ್ಕೆಂದು ಹಾಕಿದ ಅನ್ನ ಒಂದು ಸಂಸಾರದ ದುಡಿಮೆಯನ್ನೇ ನುಂಗುತ್ತದೆ.

ಮನೆಯ ಕಲಗಚ್ಚು ಬೇರೆ, ಇದು ಬೇರೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದು ಹಿಡಿ ತಂಗಳು ದನಕ್ಕೆ ಹಾಕುವುದು ಅಜ್ಜಿಯ ಕಾಲದಿಂದಲೂ ಇದೆ. ಅದರಿಂದ ಯಾವ ಹಸುವೂ ಸತ್ತಿಲ್ಲ. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಲೇ ಬಕೆಟ್ಟುಗಟ್ಟಲೆ ಬಿದ್ದಾಗ ಕೆಡುಕು. ಕೊಯ್ಲಾದ ಗದ್ದೆಗೆ ನುಗ್ಗಿ ಉದುರಿದ ಕಾಳು ಹೊಟ್ಟೆ ತುಂಬ ಮೇಯುವ ಕುರಿಗಳಿಗೂ ಇದೇ ಗತಿ. ಮಳವಳ್ಳಿ ಕಡೆ ಬಂಡೂರು ಕುರಿ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ತಿಂದ ದನ ಕಂಡರೆ ನಾಳೆ ನೋಡೋಣ ಎಂದು ಕಾಯಬಾರದು. ಪಶುವೈದ್ಯರನ್ನು ಅವತ್ತೇ ಕರೆಸಬೇಕು. 1962 ನಂಬರಿಗೆ ಫೋನು ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಕಳಿಸುವ ಏರ್ಪಾಡೂ ಇದೆ.

ಬೀದಿಯಲ್ಲಿ ಅಲೆಯುವ ದನಗಳ ಪಾಡು ಇದಕ್ಕೂ ಕಡೆ. ತಂಗಳನ್ನೂ ಸಿಪ್ಪೆಯನ್ನೂ ಕವರಿನಲ್ಲಿ ಗಂಟು ಹಾಕಿ ಎಸೆಯುತ್ತಾರೆ. ಹಸುವಿಗೆ ಗಂಟು ಬಿಚ್ಚಲು ಕೈಯಿಲ್ಲ, ಕವರು ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಕವರುಗಳನ್ನು ರಾಜ್ಯದಲ್ಲಿ ನಿಷೇಧಿಸಿದ್ದು 2016ರಲ್ಲಿ. ಕಾಗದದ ಮೇಲಿನ ನಿಷೇಧವನ್ನು ಹಸು ಓದಲಾರದು. ನುಂಗಿದ ಕವರು ಅರಗುವುದೂ ಇಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ವರ್ಷಗಟ್ಟಲೆ ಅಲ್ಲೇ ಕೂಡಿ ಹುಲ್ಲಿಗೆ ಜಾಗವಿಲ್ಲದಂತೆ ಮಾಡುತ್ತದೆ. ಇಂಥ ಹೊಟ್ಟೆ ಕೊಯ್ದು ಹತ್ತಾರು ಕೆಜಿ ಪ್ಲಾಸ್ಟಿಕ್ ಹೊರತೆಗೆದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ತಂತಿ, ಮೊಳೆ, ಪಿನ್ನು ಹೊಟ್ಟೆ ಸೇರಿದರೆ ಇನ್ನೂ ಕಷ್ಟ. ಅವು ಹೋಗಿ ಕೂರುವ ಎರಡನೆಯ ಕೋಣೆ ಹೃದಯದ ಪಕ್ಕದಲ್ಲೇ ಇದೆ, ಚುಚ್ಚಿಕೊಂಡು ಅಲ್ಲಿಗೇ ನುಗ್ಗುತ್ತವೆ. ಸಾಯಂಕಾಲ ಅಂಗಡಿ ಗುಡಿಸುವಾಗ ಪ್ಯಾಕಿಂಗಿನ ತಂತಿಯನ್ನು ಒಂದು ಡಬ್ಬಕ್ಕೆ ಹಾಕಿಟ್ಟರೆ ಗುಜರಿಯವನಾದರೂ ನಾಲ್ಕು ಕಾಸು ಕೊಡುತ್ತಾನೆ.

ಇನ್ನು ಹುಲ್ಲಿದ್ದರೆ ಎಲ್ಲವೂ ಆಯಿತೇ ಎಂದರೆ ಅದೂ ಇಲ್ಲ. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅದರಲ್ಲಿ ಪ್ರೋಟೀನು ನೂರಕ್ಕೆ ಮೂರು-ನಾಲ್ಕು ಪಾಲು ಮಾತ್ರ. ಸಿಲಿಕ ಜಾಸ್ತಿ, ಸುಣ್ಣದಂಶವನ್ನು ಹಿಡಿದಿಡುವ ಆಕ್ಸಲೇಟು ಬೇರೆ. ಕಬ್ಬಿನ ಹಸಿ ಸೋಗೆಯಲ್ಲೂ ಈ ಆಕ್ಸಲೇಟಿನ ಕಾಟ ಉಂಟು. ರಾಗಿ ಹುಲ್ಲು ಇವೆರಡಕ್ಕಿಂತ ಮೇಲು. ಸುಣ್ಣದಂಶ ಚೆನ್ನಾಗಿದೆ, ಅರಗುವುದೂ ಸುಲಭ. ನೀರಾವರಿಯವರು ನಾಗಮಂಗಲದ ಕಡೆಯಿಂದ ರಾಗಿ ಹುಲ್ಲು ಹುಡುಕಿ ತರುವುದರಲ್ಲಿ ಅರ್ಥವಿದೆ. ಖುಷ್ಕಿಯವರನ್ನು ನೋಡಿ ನಗುವವರಿಗೆ ಇದೊಂದು ಪಾಠ.

ಇರುವ ಭತ್ತದ ಹುಲ್ಲನ್ನೇ ಸುಧಾರಿಸುವ ದಾರಿಯೂ ಹಳೆಯದೇ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು 50-60 ಲೀಟರು ನೀರಿನಲ್ಲಿ ಪೂರಾ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಡುವುದು. ಹುಲ್ಲು ಮೆತ್ತಗಾಗುತ್ತದೆ, ಪ್ರೋಟೀನಿನಂಶವೂ ಏರುತ್ತದೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರವಿ ಘಾಟು ಹೋಗಲಾಡಿಸಿ, ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುವಿಗೆ ಕೂಡದು. ಯೂರಿಯಾ ಕರಗಿದ ನೀರಿನ ಬಕೆಟ್ಟಿಗೆ ದನ ಬಾಯಿಟ್ಟರೆ ವಿಷ. ಹೀಗಾಗಿ ಹತ್ತಿರ ನಿಂತು ತೋರಿಸುವವರು ಬೇಕು. ಕರಪತ್ರ ಹಂಚಿ ಫೋಟೋ ತೆಗೆಸಿಕೊಂಡರೆ ಸಾಲದು.

ತೋರಿಸುವವರು ದೂರದಲ್ಲೇನೂ ಇಲ್ಲ. ಮಂಡ್ಯದ ಮಗ್ಗುಲಲ್ಲೇ ಇರುವ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಮೇಲೇ ಸಂಶೋಧನೆ ನಡೆಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ಜಾನುವಾರು ಪೋಷಣೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಯಾವ ಸೀಮೆಯ ಮೇವಿನಲ್ಲಿ ಯಾವ ಖನಿಜ ಕಡಿಮೆ ಎಂದು ನೋಡಿ ಆಯಾ ಸೀಮೆಗೆ ತಕ್ಕ ಖನಿಜ ಮಿಶ್ರಣ ಹೇಳುವಷ್ಟು ವಿದ್ಯೆ ಅಲ್ಲಿದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಎಂದರೆ ಒಂದು ಮುಷ್ಟಿ. ಅದಿಲ್ಲದೆ ಹೊತ್ತಿಗೆ ಬೆದೆಗೆ ಬಾರದ, ಕಟ್ಟಿದರೂ ನಿಲ್ಲದ ಹಸುಗಳಿಗೆ ಹರಕೆ ಹೊತ್ತವರು ಎಷ್ಟೋ ಮಂದಿ. ವಿದ್ಯೆ ಫಾರಂನಲ್ಲಿದೆ, ಹಸು ಹಟ್ಟಿಯಲ್ಲಿದೆ. ನಡುವಿನ ಹತ್ತಿಪ್ಪತ್ತು ಮೈಲಿ ದಾಟಲು ಎಷ್ಟು ವರ್ಷ ಬೇಕೋ!

ಹಸಿಮೇವಿಗೆ ಜಾಗವಿಲ್ಲ ಎಂಬ ಮಾತಿಗೆ ಬದುವಿನ ಮೇಲಿನ ನೇಪಿಯರ್ ಹುಲ್ಲೇ ಉತ್ತರ. ಒಮ್ಮೆ ಊರಿದರೆ ವರ್ಷಗಟ್ಟಲೆ ಕೊಯ್ಲು. ಜೊತೆಗೆ ಬೇಲಿಯಲ್ಲಿ ಅಗಸೆ, ಗ್ಲಿರಿಸಿಡಿಯ ಇದ್ದರೆ ಫೀಡಿನ ಮೂಟೆ ನಿಧಾನಕ್ಕೆ ಖಾಲಿಯಾಗುತ್ತದೆ. ಆದರೆ ಗೇಣು ಭೂಮಿ ಇಲ್ಲದೆ ಒಂದು ಹಸು ಕಟ್ಟಿಕೊಂಡವರು ಎಲ್ಲಿಗೆ ಹೋಗಬೇಕು? ಅವರಿಗೆ ಗೋಮಾಳ ಇತ್ತು. ನೂರು ದನಕ್ಕೆ 12 ಹೆಕ್ಟೇರು, ಅಂದರೆ 30 ಎಕರೆ ಗೋಮಾಳ ಇರಬೇಕೆಂದು ರಾಜ್ಯದ 1966ರ ಭೂಕಂದಾಯ ನಿಯಮ ಹೇಳುತ್ತದೆ. ಊರಿನ ದನ ಎಣಿಸುವುದು ಸುಲಭ. ಗೋಮಾಳ ಎಣಿಸಲು ಹೊರಟರೆ ಕಲ್ಲುಕಂಬ, ತಂತಿಬೇಲಿ, ಲೇಔಟಿನ ಬೋರ್ಡು ಅಡ್ಡ ಬರುತ್ತವೆ. ಇದನ್ನು ಬಿಡಿಸಲು ಹೊರಟರೆ ದೊಡ್ಡವರ ಹೆಸರುಗಳೇ ಹೊರಬಿದ್ದಾವು ಎಂದು ಜನ ಆಡಿಕೊಳ್ಳುವುದುಂಟು.

ಗೋಮಾಳದ ವ್ಯಾಜ್ಯ ಇವತ್ತು ನಾಳೆಗೆ ಮುಗಿಯುವಂಥದ್ದಲ್ಲ. ಗದ್ದೆಯ ಹುಲ್ಲು ಉಳಿಸುವ ಕೆಲಸ ಮಾತ್ರ ಈ ಸುಗ್ಗಿಗೇ ಆಗಬಹುದು. ಕೊಯ್ದು ಬಿಟ್ಟ ಹುಲ್ಲನ್ನು ಬಾಚಿ ಸುತ್ತಿ ಉಂಡೆ ಕಟ್ಟುವ ಬೇಲರ್ ಯಂತ್ರಗಳು ಬಂದಿವೆ. ಬಳಸಿದವರು ಕೈಯೆತ್ತಿ ಮುಗಿಯುತ್ತಾರೆ. ತೊಂದರೆ ಏನೆಂದರೆ ಕೊಯ್ಯುವ ಯಂತ್ರ ಬಂದ ದಿನ ಉಂಡೆ ಕಟ್ಟುವ ಯಂತ್ರ ಇರುವುದಿಲ್ಲ. ಅದು ಬರುವ ಹೊತ್ತಿಗೆ ಹುಲ್ಲು ನೆಂದಿರುತ್ತದೆ, ಇಲ್ಲವೇ ಉರಿದಿರುತ್ತದೆ. ಕೃಷಿ ಯಂತ್ರಧಾರೆ ಎಂಬ ಹೆಸರಿನಲ್ಲಿ ಬಾಡಿಗೆ ಕೇಂದ್ರಗಳನ್ನು ಸರಕಾರವೇ ತೆರೆಸಿದೆ. ಅಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳ ಜೊತೆಗೆ ಸುಗ್ಗಿಯ ಆ ನಾಲ್ಕಾರು ವಾರ ಹೋಬಳಿಗೆ ಸಾಕಾಗುವಷ್ಟು ಬೇಲರುಗಳು ಇರಲೇಬೇಕು. ಸ್ವಂತ ಹಸು ಇಲ್ಲದ ಗದ್ದೆಯವರ ಹುಲ್ಲನ್ನು ಹಾಲಿನ ಸಂಘಗಳೇ ಕೊಂಡು ಶೇಖರಿಸಿ, ಬೇಸಿಗೆಯಲ್ಲಿ ಭೂಮಿ ಇಲ್ಲದ ಸದಸ್ಯರಿಗೆ ಕೊಂಡ ಬೆಲೆಗೆ ಕೊಡಬಹುದು. ಬಟವಾಡೆಯಲ್ಲಿ ಮುರಿದುಕೊಂಡರೆ ಸಾಲದ ಭಯವೂ ಇಲ್ಲ. ಬರ ಬಂದ ಮೇಲೆ ದುಬಾರಿಗೆ ಹುಲ್ಲು ಹುಡುಕಿ ಮೇವು ಬ್ಯಾಂಕು ತೆರೆಯುವುದಕ್ಕಿಂತ ಇದು ಅಗ್ಗ.

ನಾಲೆ ಬಯಲಿಗೆ ಕೊಯ್ಯುವ ಯಂತ್ರಗಳು ಇಳಿಯುವುದು ನವೆಂಬರು-ಡಿಸೆಂಬರಿನಲ್ಲಿ. ಅದಕ್ಕೆ ತಿಂಗಳು ಮೊದಲೇ ಬೇಲರುಗಳು ಎಷ್ಟಿವೆ, ಯಾವ ಊರಿಗೆ ಯಾವತ್ತು, ಉಂಡೆಯೊಂದಕ್ಕೆ ಬಾಡಿಗೆ ಎಷ್ಟು ಎಂಬ ಪಟ್ಟಿ ಪ್ರತಿ ಹಾಲಿನ ಡೇರಿಯ ಗೋಡೆಗೆ ಬರಬೇಕು. ಫ್ಯಾಟು, ಡಿಗ್ರಿ, ರೇಟು ಬರೆಯುವ ಕಪ್ಪು ಹಲಗೆಯಲ್ಲಿ ಇದಕ್ಕೂ ಒಂದು ಮೂಲೆ ಖಾಲಿ ಇದ್ದೇ ಇರುತ್ತದೆ.